ಲಂಗರು ಕಚ್ಚುವ ನೆಲ: ಇಥಾಕಾ ದ್ವೀಪದ ಸುತ್ತ ಒಂದು ಹಾಯಿಪಯಣ

ಹಾಯಿದೋಣಿಯಲ್ಲಿ ಗ್ರೀಸಿನ ದ್ವೀಪವೊಂದನ್ನು ಸುತ್ತಿ ಬಂದೆನೆಂದು ಹೇಳಿದಾಗ ಹೆಚ್ಚಿನವರು ನನ್ನಿಂದ ಓಟದ ಕಥೆಯನ್ನೇ ಬಯಸಿದರು. ಗಾಳಿ ಎಷ್ಟು ಜೋರಾಗಿತ್ತು, ಅಲೆ ಎಷ್ಟು ಎತ್ತರಕ್ಕೆ ಏಳುತ್ತಿತ್ತು, ದೋಣಿ ಎಷ್ಟು ವಾಲಿತು ಎಂದು ಕೇಳಿದರು. ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸಿದಿರಿ, ಅಲ್ಲಿಯ ನೆಲದಲ್ಲಿ ಲಂಗರು ಕಚ್ಚುತ್ತದೆಯೇ, ಮಣ್ಣು ಎಂಥದ್ದು ಎಂದು ಕೇಳಿದವರು ಒಬ್ಬರೇ. ಅವರು ನಲವತ್ತು ವರ್ಷ ಕಡಲಿಗೆ ಹೋಗಿ ಈಗ ಧಕ್ಕೆಯ ನೆರಳಿನಲ್ಲಿ ಬಲೆ ಹೆಣೆಯುತ್ತ ಕುಳಿತುಕೊಳ್ಳುವ ಹಿರಿಯರು. ಅಂದು ಅವರಿಗೆ ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಇಂದಿನ ಈ ಉಪನ್ಯಾಸವನ್ನು ಅದರ ಉಳಿದರ್ಧವೆಂದು ತಾವು ಭಾವಿಸಬಹುದು. ಗಾಳಿ ಇದ್ದರೆ ದೋಣಿ ಹೇಗೋ ಮುಂದೆ ಸಾಗುತ್ತದೆ. ಆದರೆ ಒಂದು ದ್ವೀಪದ ಮಗ್ಗುಲಲ್ಲಿ ರಾತ್ರಿಯಿಡೀ ಅಲುಗದೆ ನಿಲ್ಲಬೇಕಾದರೆ ಆ ದ್ವೀಪದ ತಳದ ಮಣ್ಣು, ಅದರ ಬೆಟ್ಟಗಳ ಇಳಿಜಾರು, ಹಗಲಿನ ಯಾವ ಹೊತ್ತಿಗೆ ಗಾಳಿ ಎಲ್ಲಿಂದ ಇಳಿಯುತ್ತದೆ ಎಂಬ ಲೆಕ್ಕ, ಪಕ್ಕದ ದೋಣಿಯವರ ಸರಪಳಿ ಎಲ್ಲಿ ಮಲಗಿದೆ ಎಂಬ ಎಚ್ಚರ, ಇವೆಲ್ಲ ಬೇಕಾಗುತ್ತವೆ. ಇಥಾಕಾವನ್ನು ನಾನು ತಿಳಿದುಕೊಂಡದ್ದು ಹಾಯಿಯಿಂದಲ್ಲ, ಲಂಗರಿನಿಂದ.

ಇಥಾಕಾ ಗ್ರೀಸಿನ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿ, ಕೆಫಲೋನಿಯಾ ಎಂಬ ದೊಡ್ಡ ದ್ವೀಪಕ್ಕೆ ಒತ್ತಿಕೊಂಡಂತೆ ಇದೆ. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್, ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಭೂಪಟದಲ್ಲಿ ನೋಡಿದರೆ ಎರಡು ಬೆಟ್ಟಗಳನ್ನು ಸಣ್ಣದೊಂದು ಕೊರಳು ಸೇರಿಸಿದಂತೆ ಕಾಣುತ್ತದೆ. ಉತ್ತರದ ನೀರಿಟೋಸ್ ಬೆಟ್ಟ 806 ಮೀಟರ್ ಎತ್ತರ, ದಕ್ಷಿಣದ ಮೆರೋವಿಗ್ಲಿ 669 ಮೀಟರ್, ನಡುವಿನ ಏಟೋಸ್ ಭೂಸಂಧಿ ಸುಮಾರು 600 ಮೀಟರ್ ಅಗಲ. ಈ ಕೊರಳಿನ ಪೂರ್ವಕ್ಕೆ ಮೋಲೋಸ್ ಕೊಲ್ಲಿ ಬಾಯಿ ತೆರೆದಿದೆ. ಅದರೊಳಗೆ ಇನ್ನೊಂದು ಮಡಿಕೆಯಾಗಿ ವಾಥಿ ಎಂಬ ಕೊಲ್ಲಿ, ಅದರ ತುದಿಯಲ್ಲಿ ಅದೇ ಹೆಸರಿನ ಮುಖ್ಯ ಊರು. ವಾಥಿ ಎಂದರೆ ಆಳವಾದದ್ದು ಎಂದೇ ಅರ್ಥ. ಪಶ್ಚಿಮದ ತೀರ ಕೆಫಲೋನಿಯಾದತ್ತ ಮುಖ ಮಾಡಿ ಕಡಿದಾಗಿ ನೀರಿಗಿಳಿಯುತ್ತದೆ. ಅಲ್ಲಿ ದೋಣಿಗೆ ಹೇಳಿಕೊಳ್ಳುವಂಥ ಆಸರೆ ಪೋಲಿಸ್ ಕೊಲ್ಲಿಯೊಂದೇ. ಆಸರೆಗಳೆಲ್ಲ ಪೂರ್ವಕ್ಕೆ ಮತ್ತು ಈಶಾನ್ಯಕ್ಕೆ ಇರುವುದರಿಂದ ದ್ವೀಪದ ಬದುಕೂ ಬೆನ್ನನ್ನು ಪಶ್ಚಿಮಕ್ಕೆ ಹಾಕಿಯೇ ಕುಳಿತಿದೆ. ಪ್ರಾಚೀನ ಗ್ರೀಕ್ ಕವಿ ಹೋಮರ್ ತನ್ನ ‘ಒಡಿಸ್ಸಿ’ ಕಾವ್ಯದಲ್ಲಿ ಹಾಡಿದ, ಯುದ್ಧ ಮುಗಿಸಿ ಕಡಲಲ್ಲಿ ಅಲೆದು ಮನೆ ಸೇರಿದ ನಾಯಕ ಒಡಿಸ್ಸಿಯಸ್‌ನ ಇಥಾಕಾ ಇದೇ ಹೌದೋ ಅಲ್ಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ; ಪಕ್ಕದ ಲೆಫ್ಕಾಡ ದ್ವೀಪವೇ ಅದು ಎಂದವರಿದ್ದಾರೆ, ಕೆಫಲೋನಿಯಾದ ಪಶ್ಚಿಮ ಭಾಗವೆಂದವರೂ ಇದ್ದಾರೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಲಂಗರಿನ ವಿಷಯದಲ್ಲಿ ಆ ಕವಿಯ ಒಂದೆರಡು ಮಾತು ನನಗೆ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ.

ಮೊದಲು ಗಾಳಿ. ಬೇಸಿಗೆಯಲ್ಲಿ ಆ ಸಮುದ್ರದ ಬೆಳಗು ಹಾಲಿನ ಪಾತ್ರೆಯಂತೆ ನಿಶ್ಚಲವಾಗಿರುತ್ತದೆ. ನಡುಹಗಲು ದಾಟುತ್ತಿದ್ದಂತೆ ವಾಯವ್ಯದಿಂದ ಒಂದು ಗಾಳಿ ಎದ್ದು, ಸಂಜೆ ನಾಲ್ಕೈದರ ಹೊತ್ತಿಗೆ ಬಲವಾಗಿ, ಸೂರ್ಯ ಮುಳುಗುವಾಗ ಯಾರೋ ಬಾಗಿಲು ಹಾಕಿದಂತೆ ನಿಂತುಬಿಡುತ್ತದೆ. ಅದನ್ನು ಅಲ್ಲಿಯವರು ಮೈಸ್ಟ್ರೋ ಎನ್ನುತ್ತಾರೆ. ಹೆಸರು ಇಟಲಿಯದು, ಈ ದ್ವೀಪಗಳು 1797ರವರೆಗೆ ವೆನಿಸ್ಸಿನ ಆಳ್ವಿಕೆಯಲ್ಲಿದ್ದು, ಬಳಿಕ ಬ್ರಿಟಿಷರ ರಕ್ಷಣೆಗೆ ಬಂದು, 1864ರಲ್ಲಿ ಗ್ರೀಸಿಗೆ ಸೇರಿದವು. ಆಡಳಿತ ಹೋದರೂ ಕಡಲಿನ ಮಾತು ಹೋಗಲಿಲ್ಲ. ಲಂಗರು ಬಿಡು ಎನ್ನಲು ಇಂದಿಗೂ ಗ್ರೀಕ್ ನಾವಿಕ ‘ಫೂಂದೋ’ ಎಂದು ಕೂಗುತ್ತಾನೆ, ಅಂದರೆ ತಳಕ್ಕೆ. ಎತ್ತು ಎನ್ನಲು ‘ವೀರಾ’. ನಾವು ಪಾರಸಿಯಿಂದ ಬಂದ ಲಂಗರು ಎಂಬ ಪದವನ್ನು ನಮ್ಮದೇ ಎಂಬಂತೆ ಬಳಸುವ ಹಾಗೆ, ಕಡಲಿನವರ ಮಾತು ಎಲ್ಲ ಊರಿನಲ್ಲೂ ನಾಲ್ಕು ಬಂದರುಗಳ ನೀರು ಕುಡಿದೇ ಬಂದಿರುತ್ತದೆ.

ಏಜಿಯನ್ ಕಡೆಗೆ, ಎಂದರೆ ಗ್ರೀಸಿನ ಪೂರ್ವಕ್ಕೆ ಹೋದರೆ ಬೇಸಿಗೆಯ ಗಾಳಿ ಇನ್ನೂ ಉಗ್ರ. ಅಲ್ಲಿ ಅದರ ಹೆಸರು ಮೆಲ್ಟೆಮಿ; ಅದು ಉತ್ತರದಿಂದ ದಿನಗಟ್ಟಲೆ ಬಿಡದೆ ಬೀಸುತ್ತದೆ. ಪ್ರಾಚೀನರು ಅದನ್ನು ಎಟೀಸಿಯನ್, ಅಂದರೆ ವರ್ಷಕ್ಕೊಮ್ಮೆ ಬರುವ ಗಾಳಿ ಎಂದು ಕರೆದರು. ಈ ಗಾಳಿಗೂ ನಮಗೂ ಒಂದು ನಂಟಿದೆ. ಭಾರತದ ವಾಯವ್ಯ ಮತ್ತು ಪಾಕಿಸ್ತಾನದ ನೆಲ ಬೇಸಿಗೆಯಲ್ಲಿ ಕಾದು ಉಂಟಾಗುವ ಕಡಿಮೆ ಒತ್ತಡದ ವಲಯವು ನಮ್ಮ ಮುಂಗಾರನ್ನು ಅರಬ್ಬೀ ಸಮುದ್ರದಿಂದ ಎಳೆದು ತರುವುದು ತಮಗೆ ತಿಳಿದದ್ದೇ. ಆ ವಲಯದ ಬಾಲವು ಪರ್ಷಿಯನ್ ಕೊಲ್ಲಿಯ ಮೇಲೆ ಹಾದು ತುರ್ಕಿಯವರೆಗೆ ಚಾಚಿಕೊಂಡಿರುತ್ತದೆ, ಮತ್ತು ಬಾಲ್ಕನ್ ಕಡೆಯ ಹೆಚ್ಚಿನ ಒತ್ತಡಕ್ಕೂ ಈ ಬಾಲಕ್ಕೂ ನಡುವಿನ ಅಂತರವೇ ಮೆಲ್ಟೆಮಿಯನ್ನು ಓಡಿಸುತ್ತದೆ. ಅಲ್ಲದೆ ಮುಂಗಾರಿನ ಮೋಡಗಳಲ್ಲಿ ಮೇಲೇರಿದ ಗಾಳಿಯ ಪ್ರಭಾವದಿಂದಲೇ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಕ್ಕೆ ಕುಸಿಯುತ್ತದೆ, ಅಲ್ಲಿಯ ಬೇಸಿಗೆ ಅಷ್ಟು ಒಣಗಿರಲು ಅದೂ ಒಂದು ಕಾರಣ ಎಂದು ಹವಾಮಾನ ವಿಜ್ಞಾನಿಗಳು ತೋರಿಸಿದ್ದಾರೆ. ಜೂನ್ ಮತ್ತು ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧವಿದ್ದು ನಮ್ಮ ದೋಣಿಗಳು ಮಲ್ಪೆಯಲ್ಲೂ ಗಂಗೊಳ್ಳಿಯಲ್ಲೂ ಒತ್ತೊತ್ತಾಗಿ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿರುವಾಗ, ಅದೇ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿ ತಿಳಿ ಆಕಾಶದ ಕೆಳಗೆ ಹಾಯಿಗಳು ಬಿಚ್ಚಿಕೊಳ್ಳುತ್ತವೆ. ಇದನ್ನು ತಿಳಿದ ಮೇಲೆ ಆ ಗಾಳಿ ನನಗೆ ಪರಕೀಯವೆನಿಸಲಿಲ್ಲ.

ಎರಡನೆಯ ವಿಷಯ ನೀರಿನ ಏರಿಳಿತ. ನಮ್ಮಲ್ಲಿ ಅಳಿವೆ ಬಾಗಿಲಿನಿಂದ ದೋಣಿ ಹೊರಡಬೇಕಾದರೆ ಉಬ್ಬರಕ್ಕೆ ಕಾಯಬೇಕು. ಧಕ್ಕೆಗೆ ಕಟ್ಟಿದ ಹಗ್ಗವನ್ನು ಇಳಿತಕ್ಕೆ ತಕ್ಕಂತೆ ಸಡಿಲಿಸದಿದ್ದರೆ ದೋಣಿ ನೇತಾಡುತ್ತದೆ. ಅಯೋನಿಯನ್ ಸಮುದ್ರದಲ್ಲಿ ಉಬ್ಬರ ಇಳಿತ ಇದೆಯೆಂದೇ ಗೊತ್ತಾಗದು. ವ್ಯತ್ಯಾಸ ಒಂದು ಗೇಣಿನಷ್ಟು. ಆದ್ದರಿಂದಲೇ ಅಲ್ಲಿಯ ದೋಣಿ ದಡಕ್ಕೆ ಬೆನ್ನು ಕೊಟ್ಟು ನಿಲ್ಲಬಲ್ಲದು. ಮುಂತುದಿಯಿಂದ ಲಂಗರು ನೀರಿನೊಳಗೆ, ಹಿಂತುದಿಯಿಂದ ಎರಡು ಹಗ್ಗ ದಡಕ್ಕೆ. ಇಡೀ ಮೆಡಿಟರೇನಿಯನ್ನಿನಲ್ಲಿ ದೋಣಿ ನಿಲ್ಲಿಸುವ ರೀತಿ ಇದೇ, ಮತ್ತು ಇದು ನಿನ್ನೆ ಮೊನ್ನೆಯದಲ್ಲ. ಹೋಮರನದೇ ‘ಇಲಿಯಡ್’ ಕಾವ್ಯದ ಮೊದಲ ಸರ್ಗದಲ್ಲಿ ಗ್ರೀಕರ ಹಡಗೊಂದು ದಡ ಸೇರುವ ಪ್ರಸಂಗವಿದೆ: ಅವರು ಲಂಗರುಗಲ್ಲುಗಳನ್ನು ಎಸೆದರು, ಹಿಂಬದಿಯ ಹಗ್ಗಗಳನ್ನು ಕಟ್ಟಿದರು ಎಂದು ಒಂದೇ ಸಾಲಿನಲ್ಲಿ ಕವಿ ಹೇಳಿಬಿಡುತ್ತಾನೆ. ಲಂಗರುಗಲ್ಲಿಗೆ ಅಲ್ಲಿ ಬಳಸಿರುವ ‘ಎಉನಾಯ್’ ಎಂಬ ಪದಕ್ಕೆ ಹಾಸಿಗೆಗಳು ಎಂದೂ ಅರ್ಥ. ದೋಣಿ ಮಲಗುವ ಹಾಸಿಗೆಯನ್ನು ಕಡಲ ತಳದಲ್ಲಿ ಹಾಸುವುದು! ತುರ್ಕಿಯ ಉಲುಬುರುನ್ ಬಳಿ ಸಿಕ್ಕಿದ, ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಹಡಗಿನ ಅವಶೇಷದಲ್ಲಿ ಅಂಥ 24 ಕಲ್ಲಿನ ಲಂಗರುಗಳಿದ್ದವು. ಕಲ್ಲಿನ ಜಾಗಕ್ಕೆ ಮರ ಮತ್ತು ಸೀಸ ಬಂದವು, ಆಮೇಲೆ ಕಬ್ಬಿಣ, ಈಗ ಸತು ಲೇಪಿಸಿದ ಉಕ್ಕು. ಆದರೆ ಮುಂದೆ ಭಾರ, ಹಿಂದೆ ಹಗ್ಗ ಎಂಬ ಕ್ರಮ ಹಾಗೆಯೇ ಉಳಿದಿದೆ.

ಆ ಕ್ರಮವನ್ನು ಹತ್ತಿರದಿಂದ ನೋಡಬೇಕಾದರೆ ಕಿಯೋನಿಗೆ ಹೋಗಬೇಕು. ನಾವು ಅಲ್ಲಿ ನಿಂತದ್ದು ಪಯಣದ ಕೊನೆಯ ರಾತ್ರಿಯಾದರೂ ಅದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದ ಜಾಗಗಳಲ್ಲಿ ತಪ್ಪಿ ಕಲಿತದ್ದನ್ನು ಸರಿಯಾಗಿ ಮಾಡಿದ್ದು ಅಲ್ಲಿಯೇ. ಕಿಯೋನಿ ಈಶಾನ್ಯ ತೀರದ ಪುಟ್ಟ ಊರು. ಕೊಲ್ಲಿಯ ಬಾಯಲ್ಲಿ ಮೂರು ಹಳೆಯ ಗಾಳಿಗಿರಣಿಗಳ ಕಲ್ಲಿನ ಗೋಡೆಗಳು ಕಾವಲುಗಾರರಂತೆ ನಿಂತಿವೆ. 1953ರ ಆಗಸ್ಟ್ 12ರಂದು ಸಂಭವಿಸಿದ ಮಹಾ ಭೂಕಂಪದಲ್ಲಿ ವಾಥಿಯ ಬಹುಪಾಲು ನೆಲಸಮವಾದರೂ ಕಿಯೋನಿಯ ಮನೆಗಳು ಹೆಚ್ಚು ಹಾನಿಯಿಲ್ಲದೆ ಉಳಿದುಕೊಂಡವು. ಊರಿನ ಧಕ್ಕೆ ಚಿಕ್ಕದು. ಮಧ್ಯಾಹ್ನವಾಗುವಷ್ಟರಲ್ಲಿ ಅದು ತುಂಬಿರುತ್ತದೆ. ತಡವಾಗಿ ಬಂದವರು ದಕ್ಷಿಣದ ದಡಕ್ಕೆ, ಸ್ಮಶಾನದ ಕೆಳಗಿನ ಬಂಡೆಗಳಿಗೆ ಹಗ್ಗ ಕಟ್ಟಬೇಕು. ನಾವು ತಡವಾಗಿ ಬಂದವರು.

ಚುಕ್ಕಾಣಿ ಹಿಡಿದವನು ನಮ್ಮ ಐವರಲ್ಲಿ ಪರವಾನಗಿ ಪಡೆದ ಗೆಳೆಯ, ಮುಂತುದಿಯಲ್ಲಿ ಲಂಗರಿನ ಯಂತ್ರದ ಬಳಿ ನಾನು. ದೋಣಿಯ ಉದ್ದ ಹನ್ನೆರಡು ಮೀಟರ್. ದಡದಿಂದ ಮೂರು ನಾಲ್ಕು ದೋಣಿಯಷ್ಟು ದೂರದಲ್ಲಿ, ಹನ್ನೆರಡು ಮೀಟರ್ ಆಳದಲ್ಲಿ, ಅವನು ಕೈ ಇಳಿಸಿ ಸಂಕೇತ ಕೊಟ್ಟ. ಲಂಗರು ಬಿಡುವುದೆಂದರೆ ಬೀಳಿಸುವುದು ಎಂದು ನಾನು ಮೊದಲು ತಿಳಿದಿದ್ದೆ. ಹಾಗೆ ಒಮ್ಮೆಲೇ ಬಿಟ್ಟರೆ ಸರಪಳಿ ಲಂಗರಿನ ಮೇಲೆಯೇ ಗುಪ್ಪೆಯಾಗಿ ಬಿದ್ದು ಅದನ್ನು ಸುತ್ತಿಕೊಳ್ಳುತ್ತದೆ. ಲಂಗರು ತಳ ಮುಟ್ಟಿದ ಮೇಲೆ ದೋಣಿ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿರಬೇಕು, ಸರಪಳಿಯು ಅದರ ಜೊತೆಯಲ್ಲಿ ನೆಲದ ಮೇಲೆ ಹಾಸಿಕೊಳ್ಳುತ್ತ ಹೋಗಬೇಕು. ಹತ್ತು ಮೀಟರಿಗೊಂದು ಬಣ್ಣದ ಗುರುತು ಇರಬೇಕಾಗಿತ್ತು. ನಮ್ಮದು ಬಾಡಿಗೆಯ ದೋಣಿ, ಗುರುತುಗಳು ಸವೆದು ಹೋಗಿದ್ದವು. ಆದ್ದರಿಂದ ಯಂತ್ರ ಒಂದು ಸೆಕೆಂಡಿಗೆ ಎಷ್ಟು ಬಿಡುತ್ತದೆ ಎಂದು ಮೊದಲ ದಿನವೇ ಅಳೆದುಕೊಂಡು, ಎಣಿಸುತ್ತ ಬಿಡುತ್ತಿದ್ದೆ. ಇನ್ನೊಬ್ಬ ಗೆಳೆಯ ತೇಲುವ ಹಗ್ಗದ ತುದಿಯನ್ನು ಹೆಗಲಿಗೆ ಹಾಕಿಕೊಂಡು ಈಜಿ ಹೋಗಿ ಬಂಡೆಯ ಕೊರಳಿಗೆ ಸುತ್ತಿದ. ಗಾಳಿ ಪಕ್ಕದಿಂದ ತಳ್ಳುತ್ತಿತ್ತು. ಗಾಳಿಯ ಕಡೆಯ ಹಗ್ಗ ಮೊದಲು ಬಿಗಿಯಬೇಕು, ಇನ್ನೊಂದು ಆಮೇಲೆ. ಕ್ರಮ ತಪ್ಪಿದರೆ ದೋಣಿ ಪಕ್ಕದವರ ಮೇಲೆ ವಾಲಿ ಬೀಳುತ್ತದೆ. ಎರಡೂ ಕಟ್ಟಿದ ಮೇಲೆ ನಾನು ಮುಂದಿನ ಸರಪಳಿಯನ್ನು ಎರಡು ಮೂರು ಮೀಟರ್ ಒಳಕ್ಕೆಳೆದೆ. ಆಗ ದೋಣಿ ಮೊಳೆ ಹೊಡೆದ ಹಾಗೆ ನಿಂತಿತು. ಆ ಸಂಜೆ ಎಂಜಿನ್ ನಿಲ್ಲಿಸಿದಾಗ ಕೇಳಿಸಿದ ಮೌನವನ್ನು ನಾನು ಮರೆಯಲಾರೆ. ದಡದ ಮೇಕೆಗಳ ಗಂಟೆಯೊಂದೇ ಅದರಲ್ಲಿ ಕೇಳುತ್ತಿತ್ತು.

ಲಂಗರು ದೋಣಿಯನ್ನು ಹಿಡಿಯುವುದು ತನ್ನ ತೂಕದಿಂದ ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕಲ್ಲಿನ ಲಂಗರಿಗೆ ಅದು ಬಹುಮಟ್ಟಿಗೆ ನಿಜ. ಇಂದಿನ ಲಂಗರು ನೇಗಿಲಿನ ಹಾಗೆ. ಅಡ್ಡಡ್ಡವಾಗಿ ಎಳೆದರೆ ಅದು ನೆಲದೊಳಕ್ಕೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ನೇಗಿಲಿನ ಮಾತು ಬರಿಯ ಹೋಲಿಕೆಯಲ್ಲ. ದ್ರವಗಳ ಚಲನೆಯ ಬಗ್ಗೆ ಇಪ್ಪತ್ತನೆಯ ಶತಮಾನದ ದೊಡ್ಡ ವಿಜ್ಞಾನಿಗಳಲ್ಲಿ ಒಬ್ಬರಾದ, ಸ್ವತಃ ಹಾಯಿದೋಣಿಯ ಹುಚ್ಚಿದ್ದ ಜೆಫ್ರಿ ಇಂಗ್ರಾಮ್ ಟೇಲರ್ ಅವರು 1933ರಲ್ಲಿ ಸಿಕ್ಯೂಆರ್ ಎಂಬ ನೇಗಿಲಿನಾಕಾರದ ಲಂಗರನ್ನು ರೂಪಿಸಿದರು. ಆ ಮೂರು ಅಕ್ಷರಗಳನ್ನು ಬೇಗ ಹೇಳಿದರೆ ಸುರಕ್ಷಿತ ಎಂಬರ್ಥದ ಇಂಗ್ಲಿಷ್ ಪದ ಕೇಳಿಸುತ್ತದೆ. ಅದಕ್ಕಿಂತ ಚೂಪಾದ ರೂಪಗಳು ಈಗ ಬಂದಿವೆ, ತತ್ತ್ವ ಮಾತ್ರ ಅದೇ. ಹಾಗಾದರೆ ಎಳೆತವನ್ನು ಅಡ್ಡವಾಗಿಡುವುದು ಯಾರ ಕೆಲಸ? ಸರಪಳಿಯದು. ಹತ್ತು ಮಿಲಿಮೀಟರ್ ದಪ್ಪದ ಸರಪಳಿ ಮೀಟರಿಗೆ ಸುಮಾರು 2.3 ಕಿಲೋ ತೂಗುತ್ತದೆ. ನಲವತ್ತು ಮೀಟರ್ ಬಿಟ್ಟರೆ ತೊಂಬತ್ತು ಕಿಲೋ ಮೀರಿದ ಭಾರ ತಳದಲ್ಲಿ ಮಲಗಿರುತ್ತದೆ. ಗಾಳಿ ಬಂದಾಗ ದೋಣಿ ಮೊದಲು ಆ ಭಾರವನ್ನು ಎತ್ತಬೇಕು, ಆಮೇಲಷ್ಟೇ ಲಂಗರನ್ನು ಮುಟ್ಟಬೇಕು. ಆದ್ದರಿಂದ ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಿ, ಅದರ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು ಎನ್ನುವುದು ನಾವಿಕರ ಲೆಕ್ಕ. ಆರು ಮೀಟರ್ ನೀರು, ಒಂದು ಮೀಟರ್ ಮೂತಿ, ಐದು ಪಟ್ಟು ಎಂದರೆ 35 ಮೀಟರ್. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ ಈ ಲೆಕ್ಕದಲ್ಲಿ ಜಿಪುಣತನ ಮಾಡಲು ಮನಸ್ಸಾಗದು. ಆಳವನ್ನು ಈಗ ಯಂತ್ರ ತೋರಿಸುತ್ತದೆ; ಆದರೆ ಅಲ್ಲಿಯ ಹಳೆಯ ಮೀನುಗಾರರು ಇಂದಿಗೂ ಅದನ್ನು ‘ಒರ್ಯಾ’ದಲ್ಲಿ ಹೇಳುತ್ತಾರೆ. ಎರಡು ಕೈಗಳನ್ನು ಚಾಚಿದರೆ ಎಷ್ಟಾಗುತ್ತದೋ ಅಷ್ಟು. ನಮ್ಮ ಮಾರು!

ಈಗ ಪಯಣದ ಕ್ರಮಕ್ಕೆ ಬರುತ್ತೇನೆ. ಲೆಫ್ಕಾಡದ ಪೂರ್ವ ತೀರದಿಂದ ಹೊರಟು, ಇಥಾಕಾದ ಉತ್ತರದ ತುದಿಯನ್ನು ಬಳಸಿ, ಕೆಫಲೋನಿಯಾಕ್ಕೂ ಇಥಾಕಾಕ್ಕೂ ನಡುವಿನ ಜಲಸಂಧಿಯಲ್ಲಿ ದಕ್ಷಿಣಕ್ಕೆ ಇಳಿದು, ಪೂರ್ವ ತೀರದಿಂದ ಮೇಲಕ್ಕೆ ಬರುವುದು ನಮ್ಮ ಯೋಜನೆಯಾಗಿತ್ತು. ಮೈಸ್ಟ್ರೋ ಆ ಜಲಸಂಧಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ, ಎರಡು ಬೆಟ್ಟಸಾಲುಗಳ ನಡುವೆ ಒತ್ತಿಕೊಂಡು ಹರಿಯುವುದರಿಂದ ಇಳಿಯುವುದು ಸುಖ, ಏರುವುದು ಕಷ್ಟ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಸಾಗಬೇಕು. ನಾವು ಇಳಿಯುವವರಾದ್ದರಿಂದ ಹಾಯಿಯನ್ನು ಪೂರ್ತಿ ಬಿಚ್ಚಿ, ಅಲೆಗಳ ಬೆನ್ನ ಮೇಲೆ ಜಾರುತ್ತ ಹೋದೆವು. ದಾರಿಯಲ್ಲಿ ಡಸ್ಕಾಲಿಯೋ ಎಂಬ, ಬಂಡೆಯೆಂದರೂ ಸಲ್ಲುವ ಚಿಕ್ಕ ನಡುಗಡ್ಡೆ ಸಿಗುತ್ತದೆ. ಒಡಿಸ್ಸಿಯಸ್‌ನ ಮಗನನ್ನು ಕೊಲ್ಲಲು ಶತ್ರುಗಳು ಹೊಂಚು ಹಾಕಿದ ಆಸ್ಟರಿಸ್ ಇದೇ ಎಂದು ಹಲವರು ಗುರುತಿಸುತ್ತಾರೆ.

ಪೋಲಿಸ್ ಕೊಲ್ಲಿಯಲ್ಲಿ ನಿಂತ ರಾತ್ರಿಯ ಬಗ್ಗೆ ದೋಣಿಯ ದೃಷ್ಟಿಯಿಂದ ಹೇಳುವುದು ಹೆಚ್ಚಿಲ್ಲ, ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಆ ಕೊಲ್ಲಿಯ ದಡದಲ್ಲಿ ಲೋಯಿಝೋಸ್ ಗುಹೆ ಎಂಬ ಕುಸಿದ ಗುಹೆಯೊಂದಿದೆ. 1930ರ ದಶಕದಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞೆ ಸಿಲ್ವಿಯಾ ಬೆಂಟನ್ ಅಲ್ಲಿ ಉತ್ಖನನ ನಡೆಸಿದಾಗ ಕಂಚಿನ ಮುಕ್ಕಾಲಿ ಪಾತ್ರೆಗಳ ಅವಶೇಷಗಳ ಜೊತೆಗೆ ಮಣ್ಣಿನ ಮುಖವಾಡದ ಒಂದು ಚೂರು ಸಿಕ್ಕಿತು; ಅದರ ಮೇಲೆ ಒಡಿಸ್ಸಿಯಸ್‌ನಿಗೆ ಹರಕೆ ಎಂಬರ್ಥದ ಬರಹವಿದೆ. ಮೇಲಿನ ಸ್ಟಾವ್ರೋಸ್ ಊರಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಆ ಚೂರನ್ನು ನೋಡಿದೆ, ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದು. ಕಾವ್ಯದ ಇಥಾಕಾ ಯಾವುದೇ ಇರಲಿ, ಎರಡು ಸಾವಿರ ವರ್ಷಗಳ ಹಿಂದೆ ಈ ಕೊಲ್ಲಿಗೆ ಬಂದು ಇಳಿದವರಾರೋ ಆ ನಾವಿಕನಿಗೆ ಹರಕೆ ಒಪ್ಪಿಸಿದ್ದರು ಎಂಬುದು ಮಾತ್ರ ಆ ಚೂರಿನಲ್ಲಿ ಅಳಿಸದೆ ಉಳಿದಿದೆ.

ದಕ್ಷಿಣದ ತುದಿ ದಾಟಿ ಪೂರ್ವಕ್ಕೆ ಬಂದರೆ ನೀರು ಬೇರೆಯೇ. ಬೆಟ್ಟದ ಮರೆಯಲ್ಲಿ ಅಲೆಯಿಲ್ಲ, ಸರಾಕಿನಿಕೋ, ಫಿಲಿಯಾತ್ರೋ ಮುಂತಾದ ಬಿಳಿ ಉರುಟುಕಲ್ಲಿನ ಕೊಲ್ಲಿಗಳಲ್ಲಿ ಹತ್ತು ಮೀಟರ್ ಕೆಳಗಿನ ತಳ ಅಂಗಳದಂತೆ ಕಾಣುತ್ತದೆ. ಅಲ್ಲಿ ಕಲಿಯಬೇಕಾದದ್ದು ಬಣ್ಣ. ತಿಳಿ ಹಸಿರು ನೀಲಿಯಾಗಿ ಹೊಳೆಯುವ ಜಾಗ ಮರಳು. ಕಡುನೀಲಿಯ, ಮಸಿ ಚೆಲ್ಲಿದಂಥ ಜಾಗ ಪೊಸಿಡೋನಿಯಾ ಹುಲ್ಲು. ಇದನ್ನು ಪಾಚಿ ಎನ್ನುವುದು ತಪ್ಪು. ಪೊಸಿಡೋನಿಯಾ ಬೇರು, ಎಲೆ, ಹೂವು, ಕಾಯಿ ಎಲ್ಲವೂ ಇರುವ ಗಿಡ, ಅದರ ಇಲ್ಲಿಯ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯದು. ಮೀನುಮರಿಗಳಿಗೆ ಅದು ತೊಟ್ಟಿಲು, ಮರಳು ಕೊಚ್ಚಿ ಹೋಗದಂತೆ ಹಿಡಿದಿಡುವ ಬೇಲಿಯೂ ಹೌದು. ಅದರ ಗಡ್ಡೆ ಅಡ್ಡಡ್ಡವಾಗಿ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುತ್ತದೆ. ಒಂದು ಲಂಗರು ಐದು ನಿಮಿಷದಲ್ಲಿ ಉತ್ತು ಹಾಕಿದ್ದು ಮತ್ತೆ ಮುಚ್ಚಿಕೊಳ್ಳಲು ದಶಕಗಳು ಬೇಕಾಗುತ್ತವೆ. ಯುರೋಪಿನ ಒಕ್ಕೂಟವು 1992ರ ತನ್ನ ಆವಾಸ ಸಂರಕ್ಷಣಾ ನಿರ್ದೇಶನದಲ್ಲಿ ಈ ಹುಲ್ಲುಗಾವಲುಗಳಿಗೆ ಆದ್ಯತೆಯ ಸ್ಥಾನ ನೀಡಿದೆ. ಹಾಗಿದ್ದರೂ ನಮ್ಮ ಕಣ್ಣೆದುರಿನಲ್ಲೇ ದೊಡ್ಡ ವಿಹಾರನೌಕೆಯೊಂದು ಕಡುನೀಲಿಯ ನಡುವೆ ಲಂಗರು ಬಿಟ್ಟು, ಎತ್ತುವಾಗ ಉದ್ದನೆಯ ಹಸಿರು ಎಲೆಗಳ ಕಂತೆಯನ್ನೇ ಮೇಲಕ್ಕೆ ತಂದಿತು. ಕಳೆ ಕಿತ್ತ ಹಾಗೆ ಅದನ್ನು ನೀರಿಗೆ ಎಸೆದು ಅವರು ಹೊರಟುಹೋದರು. ನನಗೆ ಅದು ಬಹಳ ನೋವಿನ ದೃಶ್ಯ. ಮರಳಿನ ಬಿಳಿ ಚೌಕ ಹುಡುಕಿ ಅದರ ನಡುವೆ ಲಂಗರು ಇಳಿಸಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಅದೂ ಅಲ್ಲದೆ ಹುಲ್ಲಿನ ಮೇಲೆ ಲಂಗರು ಸರಿಯಾಗಿ ಕಚ್ಚುವುದೂ ಇಲ್ಲ. ಮೊನೆ ಗಡ್ಡೆಗಳ ಚಾಪೆಯಲ್ಲಿ ಸಿಕ್ಕಿಕೊಂಡು ಹಿಡಿದಂತೆ ತೋರಿ, ಗಾಳಿ ಬಂದೊಡನೆ ಜಾರಿಬಿಡುತ್ತದೆ.

ಇದನ್ನು ಅಷ್ಟು ಖಚಿತವಾಗಿ ಹೇಳಲು ಕಾರಣ, ವಾಥಿಯಲ್ಲಿ ನಮಗೇ ಹಾಗಾದದ್ದು. ವಾಥಿಯ ಕೊಲ್ಲಿ ಕುದುರೆಲಾಳದಂತೆ ಊರನ್ನು ಅಪ್ಪಿಕೊಂಡಿದೆ. ನಡುವೆ ಲಝರೆಟ್ಟೋ ಎಂಬ ಪುಟ್ಟ ನಡುಗಡ್ಡೆ, ಹಿಂದೆ ಹಡಗಿನವರನ್ನು ರೋಗದ ಭಯದಿಂದ ಪ್ರತ್ಯೇಕವಾಗಿಡುತ್ತಿದ್ದ ಜಾಗ. ನೋಡಿದವರು ಇದಕ್ಕಿಂತ ಸುರಕ್ಷಿತ ಬಂದರು ಇರಲಾರದು ಎನ್ನುತ್ತಾರೆ. ಅಲೆಯ ಮಟ್ಟಿಗೆ ಅದು ನಿಜ. ಆದರೆ ಸಂಜೆಯ ಮೈಸ್ಟ್ರೋ ಮೋಲೋಸ್ ಕೊಲ್ಲಿಯೊಳಗೆ ನುಗ್ಗಿ, ಬೆಟ್ಟದ ಭುಜದಿಂದ ಇಳಿದು, ಕೊಲ್ಲಿಯೊಳಗೆ ಬಿರುಸಿನ ಹೊಡೆತಗಳಾಗಿ ಬೀಳುತ್ತದೆ. ನಾವು ಮೂರು ಗಂಟೆಗೆ ಬಂದು, ತಳದ ಬಗ್ಗೆ ವಿಚಾರಿಸದೆ, ಪಶ್ಚಿಮದ ಕಡೆ ಹುಲ್ಲು ಬೆಳೆದ ಭಾಗದಲ್ಲಿ ಲಂಗರು ಬಿಟ್ಟು, ಎಂಜಿನ್ನಿನಿಂದ ಹಿಂದಕ್ಕೆ ಎಳೆದು ಪರೀಕ್ಷಿಸದೆ ಊಟಕ್ಕೆ ಕುಳಿತೆವು. ತಪ್ಪು ಪೂರ್ತಿ ನಮ್ಮದೇ. ದಡದ ಒಂದು ಸೈಪ್ರೆಸ್ ಮರವನ್ನೂ ಅದರ ಹಿಂದಿನ ಇಗರ್ಜಿಯ ಗಂಟೆಗೋಪುರವನ್ನೂ ಒಂದೇ ಗೆರೆಯಲ್ಲಿ ನಾನು ಗುರುತು ಇಟ್ಟುಕೊಂಡಿದ್ದೆ. ಐದು ಗಂಟೆಗೆ ನೋಡಿದಾಗ ಗೋಪುರ ಮರದಿಂದ ಬೇರೆಯಾಗಿತ್ತು. ಇನ್ನೊಮ್ಮೆ ನೋಡುವಷ್ಟರಲ್ಲಿ ಎರಡರ ನಡುವೆ ಒಂದು ಮನೆ ಕಾಣಿಸಿತು. ದೋಣಿಯೊಳಗೆ ಏನೂ ಬದಲಾಗಿರಲಿಲ್ಲ, ತಟ್ಟೆಯ ಮೇಲಿನ ಚಮಚವೂ ಅಲುಗಿರಲಿಲ್ಲ. ಲಂಗರು ಜಾರುವುದರ ಭೀಕರತೆ ಇರುವುದೇ ಈ ಸದ್ದಿಲ್ಲದಿರುವಿಕೆಯಲ್ಲಿ. ಸರಪಳಿಯ ಮೇಲೆ ಅಂಗೈ ಇಟ್ಟೆ: ಕಚ್ಚಿದ ಲಂಗರಿನ ಸರಪಳಿ ಗಾಳಿಗೆ ಬಿಗಿಯಾಗಿ ಮತ್ತೆ ಸಡಿಲವಾಗುತ್ತದೆ, ಇದು ತಳದ ಕಲ್ಲುಗಳ ಮೇಲೆ ಎಳೆದಾಡುವ ಗುರುಗುರು ಎಂಬ ನಡುಕವನ್ನು ಕೈಗೆ ದಾಟಿಸುತ್ತಿತ್ತು. ಹಿಂದಿದ್ದ ದೋಣಿಗೆ ಹತ್ತು ಮೀಟರ್ ಉಳಿದಿರುವಾಗ ಎಂಜಿನ್ ಚಾಲೂ ಮಾಡಿ, ಲಂಗರು ಎತ್ತಿ, ಅದರ ಮೊನೆಗೆ ಹತ್ತಿಕೊಂಡಿದ್ದ ಹುಲ್ಲಿನ ಕಂತೆ ಬಿಡಿಸಿ, ಊರಿನ ಎದುರಿನ ಕೆಸರು ನೆಲಕ್ಕೆ ಹೋದೆವು. ಅಲ್ಲಿ 45 ಮೀಟರ್ ಸರಪಳಿ ಬಿಟ್ಟು, ಎಂಜಿನ್ನನ್ನು ಹಿಂದಕ್ಕೆ ಬಲವಾಗಿ ಓಡಿಸಿದಾಗ ಮೂತಿ ತಲೆಬಾಗಿ ನಿಂತಿತು. ಅದು ಕಚ್ಚಿದ ಗುರುತು. ಆ ಮೇಲೂ ರಾತ್ರಿ ಎರಡೆರಡು ಗಂಟೆಗೊಬ್ಬರು ಎದ್ದು, ಮೇಲೆ ಬೆಳಗುವ ಬಿಳಿ ದೀಪದ ಕೆಳಗೆ ಕುಳಿತು, ಗೋಪುರವನ್ನು ಹುಡುಕಿದೆವು.

ವಾಥಿಯ ಬಾಯಿಯ ಪಶ್ಚಿಮಕ್ಕೆ ಡೆಕ್ಸಿಯಾ ಎಂಬ ಸಣ್ಣ ಕೊಲ್ಲಿಯಿದೆ. ‘ಒಡಿಸ್ಸಿ’ಯ ಹದಿಮೂರನೆಯ ಸರ್ಗದಲ್ಲಿ ನಿದ್ರಿಸುತ್ತಿರುವ ನಾಯಕನನ್ನು ಫಯಾಕಿಯನ್ನರೆಂಬ ಕಡಲ ಜನರು ತಂದು ಮಲಗಿಸುವ ಫೋರ್ಕಿಸ್ ಬಂದರು ಇದೇ ಎಂಬುದು ಅಲ್ಲಿಯವರ ನಂಬಿಕೆ. ಎರಡು ಮುನ್ನೆಲಗಳು ನೀರಿಗೆ ಬಾಗಿ ಹೊರಗಿನ ಗಾಳಿಯೆಬ್ಬಿಸಿದ ದೊಡ್ಡ ಅಲೆಗಳನ್ನು ತಡೆಯುತ್ತವೆ, ಒಳಗೆ ಬಂದ ಹಡಗುಗಳು ಕಟ್ಟುವ ಹಗ್ಗವೂ ಇಲ್ಲದೆ ನಿಲ್ಲುತ್ತವೆ ಎಂದು ಕವಿ ವರ್ಣಿಸುತ್ತಾನೆ. ಬಾಲ್ಯದಿಂದ ಓದಿದ್ದರೂ ಆ ಸಾಲಿನ ಅರ್ಥ ನನಗಾದದ್ದು ವಾಥಿಯ ಆ ರಾತ್ರಿಯ ಮರುದಿನ, ಡೆಕ್ಸಿಯಾದ ಮುಂದೆ ಹಾದುಹೋಗುವಾಗ. ಹಗ್ಗವೂ ಬೇಡ, ಲಂಗರೂ ಬೇಡ ಎನ್ನುವಂಥ ಬಂದರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಇಪ್ಪತ್ತು ವರ್ಷ ಮನೆ ಕಾಣದ ನಾವಿಕನೊಬ್ಬನಿಗೆ ಅಂಥದ್ದನ್ನು ಕೊಡಬೇಕೆಂದು ಕವಿಗೆ ಅನ್ನಿಸಿರಬೇಕು. ಇರುವ ಬಂದರುಗಳ ಸ್ಥಿತಿ ಏನೆಂಬುದನ್ನು 2020ರ ಸೆಪ್ಟೆಂಬರ್‌ನಲ್ಲಿ ಬಂದ ಇಯಾನೋಸ್ ಚಂಡಮಾರುತ ತೋರಿಸಿತು. ಉಷ್ಣವಲಯದ ಚಂಡಮಾರುತವನ್ನು ಹೋಲುವ ಆ ಬಿರುಗಾಳಿ ಇಥಾಕಾ, ಕೆಫಲೋನಿಯಾ, ಝಾಕಿಂಥೋಸ್ ದ್ವೀಪಗಳ ಮೇಲೆ ಹಾದಾಗ, ಬೇಸಿಗೆಯಲ್ಲಿ ನೆಮ್ಮದಿಯಿಂದ ನಿಲ್ಲುತ್ತಿದ್ದ ಆಸರೆಗಳಲ್ಲೇ ದೋಣಿಗಳು ದಡಕ್ಕೆ ಬಡಿದವು, ಮುಳುಗಿದವು.

ಉಪನ್ಯಾಸದ ಮೊದಲಿಗೆ ಹೇಳಿದ ಹಿರಿಯರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಅವರ ಪ್ರಶ್ನೆಯ ಕೊನೆಯ ಭಾಗಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ವಾಥಿಯಿಂದ ಹೊರಟ ಬೆಳಿಗ್ಗೆ ಗಾಳಿ ಹುಟ್ಟಿರಲಿಲ್ಲ. ಸರಪಳಿಯನ್ನು ಎಳೆಯುತ್ತ ದೋಣಿಯನ್ನು ಲಂಗರಿನ ನೆತ್ತಿಯ ಮೇಲೆ ತಂದಾಗ ಯಂತ್ರ ಮುಗ್ಗರಿಸಿ ನಿಂತಿತು. ಲಂಗರು ಮೇಲೆ ಬರಲು ಒಪ್ಪಲಿಲ್ಲ. ಯಂತ್ರವನ್ನು ಒತ್ತಾಯಿಸದೆ ಸರಪಳಿಯನ್ನು ಬಿಗಿದು ಕಟ್ಟಿ ಕಾದೆವು. ದೋಣಿಯ ಅಲುಗಾಟಕ್ಕೆ ತಳ ತಾನಾಗಿಯೇ ಸಡಿಲಿಸುವವರೆಗೆ ಐದಾರು ನಿಮಿಷ ಹಿಡಿಯಿತು. ಲಂಗರು ನೀರಿನಿಂದ ಹೊರಬಂದಾಗ ಅದರ ಅಲಗು ಕಾಣುತ್ತಿರಲಿಲ್ಲ, ಒಂದು ಬುಟ್ಟಿಯಷ್ಟು ಮಣ್ಣು ಅದಕ್ಕೆ ಮೆತ್ತಿಕೊಂಡಿತ್ತು. ಬೂದು ಬಣ್ಣ, ಒಳಗೆ ತುಸು ಕಪ್ಪು, ಬೆರಳುಗಳ ನಡುವೆ ಉಜ್ಜಿದರೆ ಬೆಣ್ಣೆಯ ನುಣುಪು, ಅಲ್ಲಲ್ಲಿ ಚಿಪ್ಪಿನ ಸಣ್ಣ ಚೂರು. ಗದ್ದೆಯ ಜೇಡಿಯ ವಾಸನೆಯಲ್ಲ, ನಮ್ಮ ಅಳಿವೆಯ ಕೆಸರಿಗಿರುವ ಉಪ್ಪು ಬೆರೆತ ಗಂಧಕದ ವಾಸನೆ. ಬಕೆಟ್ಟಿನಿಂದ ನೀರು ಹೊಯ್ದು ತೊಳೆದೆವು. ಆದರೂ ಸರಪಳಿಯ ಕೊಂಡಿಗಳ ಒಳಮಗ್ಗುಲಿನಲ್ಲಿ ಅದು ಒಣಗಿ ಅಂಟಿಕೊಂಡು, ಲೆಫ್ಕಾಡದಲ್ಲಿ ದೋಣಿಯನ್ನು ಒಪ್ಪಿಸುವವರೆಗೂ ನಮ್ಮ ಜೊತೆ ಬಂದಿತು.